ಕುಡಿದವರ ಕೈಗೆ ಬೆಂಕಿಪೆಟ್ಟಿಗೆ ಬೇಡ

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂತು. ಇನ್ನು ಪ್ರತಿ ವರ್ಷದ ಹಾಗೆ ಪತ್ರಿಕೆಗಳಲ್ಲಿ ಪಟಾಕಿ ಸೂಚನೆಗಳು ಶುರುವಾಗುತ್ತವೆ. ಹಸಿರು ಪಟಾಕಿ ಮಾತ್ರ ಹೊಡೆಯಿರಿ, ರಾತ್ರಿ 8ರಿಂದ 10ರೊಳಗೆ ಮುಗಿಸಿ, ಮಕ್ಕಳ ಜೊತೆ ದೊಡ್ಡವರು ಇರಲಿ. ಎಲ್ಲವೂ ಬೇಕಾದ ಮಾತೇ. ಆದರೆ ಆ ದೊಡ್ಡವರು ಎಂತ ಸ್ಥಿತಿಯಲ್ಲಿ ಇರಬೇಕು ಅಂತ ಯಾರೂ ಬರೆಯುವುದಿಲ್ಲ. ಕುಡಿದವರು ಪಟಾಕಿ ಮುಟ್ಟಬಾರದು ಎಂಬ ಸಾಲು ನಾನು ಒಂದು ದೇವಸ್ಥಾನದ ಬೋರ್ಡಿನಲ್ಲೂ ನೋಡಿಲ್ಲ, ಒಂದು ಅಂಗಡಿಯ ಗೋಡೆಯಲ್ಲೂ ನೋಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಹಾಕಿ.

ನಾನು ಕಟಪಾಡಿ ಕಡೆಯವನು. ಆರು ವರ್ಷದ ಹಿಂದೆ ನಮ್ಮ ದೊಡ್ಡಪ್ಪನ ಮಗಳ ಮದುವೆ ಇತ್ತು. ಹಿಂದಿನ ರಾತ್ರಿ ಮನೆಯಲ್ಲಿ ಮದರಂಗಿ. ನಮ್ಮ ಕಡೆ ಈಗ ಮದುವೆಗಿಂತ ಮದರಂಗಿಯೇ ಜೋರು ಅಲ್ವಾ. ಅಂಗಳದಲ್ಲಿ ಶಾಮಿಯಾನ, ಡಿಜೆ, ಕೋಳಿ ಸುಕ್ಕದ ಪರಿಮಳ, ಮನೆಯ ಹಿಂದೆ ತೆಂಗಿನ ಬುಡದಲ್ಲಿ ಗಂಡಸರದ್ದೇ ಇನ್ನೊಂದು ಪಂಕ್ತಿ. ನನ್ನ ತಮ್ಮನಿಗೆ ಆಗ 31 ವರ್ಷ. ಬಾಡಿಗೆಗೆ ಟೆಂಪೋ ಓಡಿಸುತ್ತಿದ್ದ. ದಿನಾ ಕುಡಿಯುವವನಲ್ಲ. ಕುಡಿದು ಸ್ಟಿಯರಿಂಗ್ ಮುಟ್ಟಿದವನಂತೂ ಅಲ್ಲವೇ ಅಲ್ಲ. ಆ ರಾತ್ರಿಯೂ ಮೊದಲ ಪೆಗ್ಗಿಗೆ ಮುಂಚೆ ಟೆಂಪೋ ಕೀ ತಂದು ನನ್ನ ಕೈಯಲ್ಲಿ ಇಟ್ಟ. "ಇವತ್ತು ನಾನು ಗಾಡಿ ಮುಟ್ಟುವುದಿಲ್ಲ ಅಣ್ಣ, ನೀನೇ ಇಟ್ಟುಕೋ" ಅಂದ. ನನಗೆ ಹೆಮ್ಮೆಯೂ ಆಯಿತು. ಬೆಂಕಿಪೆಟ್ಟಿಗೆ ಮಾತ್ರ ಅವನ ಜೇಬಿನಲ್ಲೇ ಇತ್ತು. ಅದನ್ನು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ಮೂರು ಪೆಗ್ ಕುಡಿದಿದ್ದ. ಮೂರನೆಯದು ಭಾವ ಒತ್ತಾಯ ಮಾಡಿ ಕುಡಿಸಿದ್ದು. ನಡಿಗೆ ನೆಟ್ಟಗೆ ಇತ್ತು, ಮಾತು ಸರಿಯಾಗಿತ್ತು. ಹತ್ತೂವರೆ ಹೊತ್ತಿಗೆ "ಪಟಾಕಿ ಎಲ್ಲಿ" ಅಂತ ಕೂಗು ಎದ್ದಿತು. ಪೈಪಿನೊಳಗೆ ಇಟ್ಟು ಹಚ್ಚುವ, ಮೇಲೆ ಹೋಗಿ ಬಣ್ಣಬಣ್ಣವಾಗಿ ಒಡೆಯುವ ಶೆಲ್ ತಂದಿದ್ದರು. ಎರಡು ಚೆನ್ನಾಗಿ ಹೋದವು. ಮೂರನೆಯದರ ಬತ್ತಿ ಉರಿಯಿತು, ಆಮೇಲೆ ಶಬ್ದ ಇಲ್ಲ. ಹಾರದ ಪಟಾಕಿಯ ಹತ್ತಿರ ಹೋಗಬೇಡಿ ಅಂತ ಪ್ರತಿ ದೀಪಾವಳಿಗೆ ಮನೆಯ ಮಕ್ಕಳಿಗೆ ಬೈಯುತ್ತಿದ್ದವನೇ ಅವನು. ಆ ರಾತ್ರಿ ಹತ್ತು ಸೆಕೆಂಡ್ ಕೂಡ ಕಾಯಲಿಲ್ಲ. ನಾನು "ಬೇಡ ಮಾರಾಯ, ಬಿಡು" ಅಂದೆ. "ಎಂತ ಆಗುವುದಿಲ್ಲ ಅಣ್ಣ" ಅಂತ ಹೇಳಿ ಮೊಬೈಲ್ ಟಾರ್ಚ್ ಹಾಕಿಕೊಂಡು ಪೈಪಿನ ಮೇಲೆ ಬಗ್ಗಿ ನೋಡಿದ.

ಬಲಗಣ್ಣು ಹೋಯಿತು. ಅವನ ಹಿಂದೆ ನಾಲ್ಕು ಅಡಿ ದೂರದಲ್ಲಿ ನಮ್ಮ ಅಕ್ಕನ ಒಂಬತ್ತು ವರ್ಷದ ಮಗ ನಿಂತಿದ್ದ. ಅವನಿಗೆ ಏನೂ ಆಗಲಿಲ್ಲ. ಈಗಲೂ ಕೆಲವು ರಾತ್ರಿ ನನಗೆ ಎಚ್ಚರ ಆಗುವುದು ಆ ಮಗುವನ್ನು ನೆನೆಸಿಕೊಂಡು.

ಆಸ್ಪತ್ರೆಯಲ್ಲಿ ಎರಡು ವಿಷಯ ಗೊತ್ತಾದವು. ಒಂದು, ಅವನಿಗೆ ಕೂಡಲೇ ಅರಿವಳಿಕೆ ಕೊಡಲಿಕ್ಕೆ ಆಗಲಿಲ್ಲ. ಹೊಟ್ಟೆ ತುಂಬ ಊಟ, ಮೇಲೆ ಮದ್ಯ. ಆ ಸ್ಥಿತಿಯಲ್ಲಿ ಪ್ರಜ್ಞೆ ತಪ್ಪಿಸಿದರೆ ವಾಂತಿ ಶ್ವಾಸಕೋಶಕ್ಕೆ ಹೋಗುವ ಭಯ ಇರುತ್ತದೆ. ಹಾಗಾಗಿ ಗಂಟೆಗಟ್ಟಲೆ ಕಾಯಬೇಕಾಯಿತು, ಅವನು ನೋವಿನಲ್ಲಿ, ನಾವು ಹೊರಗೆ ಬೆಂಚಿನಲ್ಲಿ. ಎರಡು, ಇಂಥ ಗಾಯ ಮೆಡಿಕೋ ಲೀಗಲ್ ಕೇಸು, ಅಂದರೆ ಆಸ್ಪತ್ರೆಯವರು ಪೊಲೀಸರಿಗೂ ತಿಳಿಸಿ ದಾಖಲೆ ಮಾಡುವಂಥದ್ದು. ಬಾಯಿಯಲ್ಲಿ ಮದ್ಯದ ವಾಸನೆ ಇದೆ ಅಂತ ದಾಖಲೆಯಲ್ಲಿ ಬರೆದರು. ಅದು ಸತ್ಯವೇ, ವೈದ್ಯರ ತಪ್ಪಿಲ್ಲ. ಆದರೆ ಮುಂದೆ ಅಪಘಾತ ವಿಮೆಯ ಹಣ ಕೇಳಲು ಹೋದಾಗ ಅದೇ ಒಂದು ಸಾಲು ತೋರಿಸಿ ಇಲ್ಲ ಅಂದರು. ಮನೆಗೆ ಬಂದು ಪಾಲಿಸಿ ತೆಗೆದು ಓದಿದೆ. ಅಮಲಿನಲ್ಲಿ ಇರುವಾಗ ಆದ ಅಪಘಾತಕ್ಕೆ ಪರಿಹಾರ ಇಲ್ಲ ಅಂತ ಅಚ್ಚು ಹಾಕಿಯೇ ಇತ್ತು. ಬಹುತೇಕ ಅಪಘಾತ ವಿಮೆಗಳಲ್ಲಿ ಈ ಷರತ್ತು ಇರುತ್ತದೆ. ನಿಮ್ಮ ಮನೆಯಲ್ಲಿ ಪಾಲಿಸಿ ಇದ್ದರೆ ಇವತ್ತೇ ತೆಗೆದು ನೋಡಿ.

ಟೆಂಪೋ ಮಾರಿದೆವು. ತಮ್ಮ ಈಗ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ.

ಈ ಆರು ವರ್ಷ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಆ ಕೀ ಮತ್ತು ಆ ಬೆಂಕಿಪೆಟ್ಟಿಗೆ. ಕೀ ಕೊಡಬೇಕು ಅಂತ ಅವನಿಗೆ ಹೇಗೆ ಗೊತ್ತಿತ್ತು? ಕಾನೂನು ಕಲಿಸಿತ್ತು. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ಗಾಡಿ ಓಡಿಸುವ ಹಾಗಿಲ್ಲ. ಮೊದಲ ಸಲಕ್ಕೇ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಹೆದ್ದಾರಿಯಲ್ಲಿ ಪೊಲೀಸರು ಉಸಿರಿನಲ್ಲಿ ಮದ್ಯ ಅಳೆಯುವ ಆಲ್ಕೋಮೀಟರ್ ಹಿಡಿದು ನಿಂತದ್ದನ್ನು ಎಲ್ಲರೂ ನೋಡಿದ್ದಾರೆ. ಹೆದರಿಕೆಯಿಂದ ಶುರುವಾದದ್ದು ಈಗ ಕೆಲವರಿಗಾದರೂ ಅಭ್ಯಾಸ ಆಗಿದೆ. ಪಟಾಕಿಗೆ ಇಂಥದ್ದು ಏನಿದೆ? ಹುಡುಕಿ ನೋಡಿದೆ. 2008ರ ಸ್ಫೋಟಕ ನಿಯಮಗಳಲ್ಲಿ ಇದೆ. ಲೈಸೆನ್ಸ್ ಇರುವ ಪಟಾಕಿ ಜಾಗದಲ್ಲಿ 18 ತುಂಬದವರನ್ನೂ ಅಮಲಿನಲ್ಲಿ ಇರುವವರನ್ನೂ ಕೆಲಸಕ್ಕೆ ಇಟ್ಟುಕೊಳ್ಳಬಾರದು, ಒಳಗೇ ಬಿಡಬಾರದು. ಅಂದರೆ ಕುಡಿದವನಿಗೆ ಪಟಾಕಿ ಅಪಾಯ ಅಂತ ಕಾನೂನು ಮಾಡಿದವರಿಗೆ ಚೆನ್ನಾಗಿ ಗೊತ್ತು. ಆದರೆ ಆ ಪಟಾಕಿ ಗೋದಾಮಿನಿಂದ ಹೊರಟು ನಮ್ಮ ಅಂಗಳಕ್ಕೆ ಬಂದ ಮೇಲೆ, ಬೆಂಕಿ ಹಚ್ಚುವವನ ಬಾಯಿ ಮೂಸಿ ನೋಡುವವರು ಯಾರೂ ಇಲ್ಲ.

ಸಾಮಾನ್ಯವಾಗಿ ಅವಘಡ ಆದ ಮೇಲೆಯೇ ಕಾನೂನಿನ ನೆನಪು ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 288ನೇ ಸೆಕ್ಷನ್ ಸ್ಫೋಟಕ ವಸ್ತುವಿನ ವಿಷಯದಲ್ಲಿ ನಿರ್ಲಕ್ಷ್ಯ ತೋರಿಸಿದವರಿಗೆ. ಆರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ. ಇನ್ನೊಬ್ಬರಿಗೆ ತೀವ್ರ ಗಾಯ ಆದರೆ 125ನೇ ಸೆಕ್ಷನ್, ಮೂರು ವರ್ಷದವರೆಗೆ. ಜೀವ ಹೋದರೆ 106, ಐದು ವರ್ಷದವರೆಗೆ. "ಕುಡಿದಿದ್ದೆ, ಗೊತ್ತಾಗಲಿಲ್ಲ" ಅಂದರೆ ಬಿಡುತ್ತಾರೆ ಅಂತ ಕೆಲವರು ತಿಳಿದುಕೊಂಡಿದ್ದಾರೆ. ಬಿಡುವುದಿಲ್ಲ. ತಾನಾಗಿ ಕುಡಿದವನನ್ನು, ಕುಡಿಯದೆ ಇದ್ದರೆ ಎಷ್ಟು ತಿಳಿವಳಿಕೆ ಇರುತ್ತಿತ್ತೋ ಅಷ್ಟೇ ಇತ್ತು ಅಂತ ಲೆಕ್ಕ ಹಿಡಿಯಬೇಕು ಎಂದು 24ನೇ ಸೆಕ್ಷನ್ ಹೇಳುತ್ತದೆ. ನಮ್ಮ ಅಕ್ಕನ ಮಗನಿಗೆ ಏನಾದರೂ ಆಗಿದ್ದರೆ ನನ್ನ ತಮ್ಮ ಕಣ್ಣೂ ಕಳೆದುಕೊಂಡು ಕೋರ್ಟಿಗೂ ಅಲೆಯಬೇಕಿತ್ತು.

ಹತ್ತೂವರೆಗೆ ಪಟಾಕಿ ಹೊಡೆದದ್ದೇ ತಪ್ಪು ಅಂತಲೂ ಆಮೇಲೆ ತಿಳಿಯಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಪಟಾಕಿ ಬೇಡ ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ದೀಪಾವಳಿಗೆ 8ರಿಂದ 10, ಕ್ರಿಸ್ಮಸ್ ಮತ್ತು ಹೊಸ ವರ್ಷಕ್ಕೆ ರಾತ್ರಿ 11.55ರಿಂದ 12.30 ಅಂತ ಸಮಯ ಕೊಟ್ಟಿತು. ಡಿಸೆಂಬರ್ 31ರ ರಾತ್ರಿಯ ಆ 35 ನಿಮಿಷ ನೋಡಿ. ಪಣಂಬೂರು ಬೀಚಿನಲ್ಲಾಗಲಿ ಮಲ್ಪೆ ಬೀಚಿನಲ್ಲಾಗಲಿ, ಮನೆಯ ಟೆರೇಸಿನಲ್ಲಾಗಲಿ, ವರ್ಷದಲ್ಲಿ ಜನ ಅತಿ ಜಾಸ್ತಿ ಕುಡಿದಿರುವ ಹೊತ್ತು ಅದೇ. ಕೋರ್ಟಿನ ಮುಂದೆ ಇದ್ದದ್ದು ಹೊಗೆ ಮತ್ತು ಶಬ್ದದ ಪ್ರಶ್ನೆ. ಕುಡಿತದ ಪ್ರಶ್ನೆ ನಾವೇ ಕೇಳಿಕೊಳ್ಳಬೇಕು.

"ಎರಡು ಪೆಗ್ಗಿಗೆ ನನಗೆ ಏನೂ ಆಗುವುದಿಲ್ಲ" ಎನ್ನುವವರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ. ಮದ್ಯ ಮೊದಲು ತೆಗೆಯುವುದು ಕಾಲಿನ ಬಲವನ್ನಲ್ಲ, ಅಂದಾಜನ್ನು. ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ಅಪಾಯ ಎಂಬ ಅಂದಾಜು. ನಡಿಗೆ ತಪ್ಪುವುದು ಆಮೇಲೆ. ಅದಕ್ಕೇ ನೆಟ್ಟಗೆ ನಡೆಯುವವನು ತಾನು ಸರಿ ಇದ್ದೇನೆ ಅಂತ ನಂಬುತ್ತಾನೆ, ನೋಡುವ ನಾವೂ ನಂಬುತ್ತೇವೆ. ಇನ್ನೊಂದು, ಕುಡಿದದ್ದು ಪೂರ್ತಿ ರಕ್ತಕ್ಕೆ ಏರಲಿಕ್ಕೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ಊಟಕ್ಕೆ ಮುಂಚೆ ಗ್ಲಾಸ್ ಇಟ್ಟವನಿಗೆ ಪಟಾಕಿ ಹೊಡೆಯುವ ಹೊತ್ತಿಗೆ ಅಮಲು ಇಳಿದಿರುತ್ತದೆ ಅಂತ ಅಂದುಕೊಳ್ಳುತ್ತೇವೆ, ನಿಜವಾಗಿ ಆಗ ಏರುತ್ತಿರಬಹುದು. ಮಜ್ಜಿಗೆ, ಲಿಂಬೆ ಶರಬತ್ತು, ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಒಂದು ಪೆಗ್ಗಿಗೆ ಸುಮಾರು ಒಂದು ಗಂಟೆ ಅಂತ ದೇಹ ತನ್ನದೇ ಲೆಕ್ಕದಲ್ಲಿ ಇಳಿಸುತ್ತದೆ, ದೊಡ್ಡ ಪೆಗ್ಗಾದರೆ ಇನ್ನೂ ಜಾಸ್ತಿ.

ಅದರ ಮೇಲೆ ನಮ್ಮ ಕರಾವಳಿಯ ಹವೆ. ದೀಪಾವಳಿ ಹೊತ್ತಿಗೂ ಇಲ್ಲಿ ಮಳೆ ಬರುತ್ತದೆ, ಗೋಡೆಯೇ ಬೆವರುತ್ತದೆ. ಥಂಡಿ ಹಿಡಿದ ಪಟಾಕಿಯ ಬತ್ತಿ ಒಂದೇ ಸಮನೆ ಉರಿಯುವುದಿಲ್ಲ. ಆರಿದ ಹಾಗೆ ಕಾಣುತ್ತದೆ, ಒಳಗೆ ಕೆಂಡ ಇರುತ್ತದೆ. ಇಂಥ ಪಟಾಕಿಯ ಮುಂದೆ ಬೇಕಾದದ್ದು ತಾಳ್ಮೆ. ಕಡಿಮೆ ಅಂದರೆ ಹದಿನೈದು ಇಪ್ಪತ್ತು ನಿಮಿಷ ದೂರ ನಿಲ್ಲಬೇಕು, ಆಮೇಲೆ ನೀರು ಹೊಯ್ಯಬೇಕು. ಕುಡಿದವನಲ್ಲಿ ಇಲ್ಲದ್ದು ಅದೇ ತಾಳ್ಮೆ. ಬೇರೆ ಮನೆಗಳಲ್ಲಿ ನಾನು ನೋಡಿದ್ದೂ ಹೀಗೇ. ಕೈಯಲ್ಲಿ ಹಿಡಿದು ಹಚ್ಚಿ ಎಸೆಯುವ ಪಂದ್ಯ ಶುರುವಾಗುವುದು ಯಾವಾಗಲೂ ಎರಡನೇ ಬಾಟಲಿ ಖಾಲಿಯಾದ ಮೇಲೆ. ಆ ಖಾಲಿ ಬಿಯರ್ ಬಾಟಲಿಯಲ್ಲೇ ರಾಕೆಟ್ ನಿಲ್ಲಿಸುತ್ತಾರೆ. ಬಾಟಲಿ ವಾಲಿದರೆ ರಾಕೆಟ್ ಹೆಂಗಸರು ಮಕ್ಕಳು ಕುಳಿತ ಕಡೆಗೆ. ಒಂದು ಬಕೆಟ್ ಹೊಯ್ಗೆ (ಮರಳು) ತುಂಬಿ ಅದರಲ್ಲಿ ಪೈಪ್ ನೆಟ್ಟರೆ ಸಾಕು, ಹೊಯ್ಗೆ ನಮ್ಮಲ್ಲಿ ಎಲ್ಲಿ ಇಲ್ಲ ಹೇಳಿ. ವಿಸ್ಕಿ, ಬ್ರಾಂಡಿಯ ಬಾಟಲಿಯ ಮೇಲೆ 42.8 ಅಂತ ಬರೆದಿರುತ್ತದೆ, ನೂರಕ್ಕೆ ಅಷ್ಟು ಪಾಲು ಮದ್ಯಸಾರ. ನಮ್ಮ ಸೆಕೆಗೆ ಅದರ ಆವಿಯೇ ಬೆಂಕಿ ಹಿಡಿಯುತ್ತದೆ. ಅಂಗಿಯ ಮೇಲೆ ಚೆಲ್ಲಿಕೊಂಡವನು ಹೂಕುಂಡದ ಹತ್ತಿರ ಹೋದರೆ ಏನಾಗುತ್ತದೆ ಅಂತ ಯೋಚಿಸಿ.

ಹಾಗಾದರೆ ಪಟಾಕಿಯನ್ನೇ ನಿಲ್ಲಿಸಿ ಎನ್ನುವವರು ಇದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಅಪ್ಪನ ಹೆಗಲ ಮೇಲೆ ಕುಳಿತು ಪುತ್ತೂರು ಬೆಡಿ, ಅಂದರೆ ಅಲ್ಲಿನ ಜಾತ್ರೆಯ ಸುಡುಮದ್ದು, ನೋಡಿದವನು ನಾನು. ಏಪ್ರಿಲ್ 17ರ ರಾತ್ರಿ ಮಹಾಲಿಂಗೇಶ್ವರನ ಗದ್ದೆಯಲ್ಲಿ ನಿಂತು ಆಕಾಶ ನೋಡಿದ್ದು ಜನ್ಮದಲ್ಲಿ ಮರೆಯುವುದಿಲ್ಲ. ಉಡುಪಿಯ ಮಕರ ಸಂಕ್ರಾಂತಿಯ ಮೂರು ತೇರಿನ ರಾತ್ರಿ ಸುಡುಮದ್ದು ಇಲ್ಲದೆ ಹೇಗೆ? ಬಲೀಂದ್ರನನ್ನು ಕರೆದು ಗದ್ದೆಗೆ ದೀಪ ಇಟ್ಟು ಬಂದ ಮೇಲೆ ಮಕ್ಕಳ ಕೈಗೆ ಒಂದು ನಕ್ಷತ್ರ ಕಡ್ಡಿಯಾದರೂ ಬೇಕು. ನಾನು ಕೇಳುವುದು ಹಬ್ಬ ಬಿಡಿ ಅಂತ ಅಲ್ಲ. ಕುಡಿಯುವುದೇ ಬೇಡ ಅಂತಲೂ ಅಲ್ಲ, ಹಾಗೆ ಹೇಳಿದರೆ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಕೇಳುವುದು ಇಷ್ಟೇ. ಆ ಸಂಜೆ ಬೆಂಕಿ ಹಚ್ಚುವವನು, ಅವನ ಪಕ್ಕದಲ್ಲಿ ನಿಲ್ಲುವವನು, ಪಟಾಕಿ ಪೆಟ್ಟಿಗೆ ಕಾಯುವವನು, ಈ ಮೂವರು ಒಂದು ಹನಿ ಮುಟ್ಟಬಾರದು. ಕುಡಿಯುವುದಿದ್ದರೆ ಕೊನೆಯ ಪಟಾಕಿ ಮುಗಿದು, ಕಸ ಗುಡಿಸಿ, ನೀರು ಹೊಯ್ದ ಮೇಲೆ.

ಕುಡಿಯದೆ ಇದ್ದರೂ ಸುಡುಮದ್ದು ಕ್ಷಮಿಸುವುದಿಲ್ಲ. 2024ರ ಅಕ್ಟೋಬರ್ 28ರ ರಾತ್ರಿ ಪಕ್ಕದ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ (ನಮ್ಮ ಭೂತಕೋಲದ ಹಾಗಿನ ಆರಾಧನೆ) ನಡೆಯುವಾಗ ಪಟಾಕಿ ಇಟ್ಟಿದ್ದ ಜಾಗಕ್ಕೆ ಕಿಡಿ ಹಾರಿ 150ಕ್ಕಿಂತ ಜಾಸ್ತಿ ಜನ ಗಾಯಗೊಂಡರು, ಕೆಲವರು ಆಮೇಲೆ ತೀರಿಕೊಂಡರು. ಗಾಯಾಳುಗಳನ್ನು ಮಂಗಳೂರಿನ ಆಸ್ಪತ್ರೆಗಳಿಗೂ ತಂದಿದ್ದರು. ಅದೇ ವರ್ಷದ ಜನವರಿ 28ರಂದು ನಮ್ಮ ಬೆಳ್ತಂಗಡಿ ತಾಲೂಕಿನ ಕುಕ್ಕೇಡಿಯಲ್ಲಿ ಪಟಾಕಿ ತಯಾರಿಸುವ ಜಾಗ ಸ್ಫೋಟಗೊಂಡು ಮೂವರು ಸತ್ತರು. ಇವೆರಡಕ್ಕೂ ಕುಡಿತಕ್ಕೂ ಸಂಬಂಧ ಕಟ್ಟಲಿಕ್ಕೆ ನಾನು ಬರೆಯುತ್ತಿಲ್ಲ. ಮದ್ದಿನ ಜೊತೆಯೇ ಬದುಕುವವರ ಜಾಗದಲ್ಲೇ ಹೀಗೆ ಆಗುವಾಗ, ವರ್ಷಕ್ಕೊಮ್ಮೆ ಮುಟ್ಟುವ ನಾವು ಅರ್ಧ ಅಮಲಿನಲ್ಲಿ ಹೋಗುವುದು ಯಾವ ಧೈರ್ಯದಿಂದ ಅಂತ ಕೇಳುತ್ತಿದ್ದೇನೆ.

ದೊಡ್ಡ ತೊಡಕು ಬೇರೆಯೇ ಇದೆ, ಅದನ್ನು ಬರೆಯದೆ ಇದ್ದರೆ ಈ ಪತ್ರ ಸುಳ್ಳಾಗುತ್ತದೆ. ಕುಡಿದವನ ಕೈಯಿಂದ ಬೆಂಕಿಪೆಟ್ಟಿಗೆ ಕಸಿದುಕೊಳ್ಳುವವರು ಯಾರು? ಅವನು ಹೊರಗಿನವನಲ್ಲ. ಭಾವ, ಮಾವ, ಚಿಕ್ಕಪ್ಪ, ಹುಡುಗನ ಕಡೆಯ ದೊಡ್ಡ ನೆಂಟ, ಇಲ್ಲವೇ ಹಬ್ಬಕ್ಕೆ ದೊಡ್ಡ ಮೊತ್ತ ಕೊಟ್ಟವರು. ನಾಲ್ಕು ಜನರ ಎದುರು "ನೀವು ಕುಡಿದಿದ್ದೀರಿ, ಈಚೆ ಬನ್ನಿ" ಅಂದರೆ ಮದುವೆ ಮನೆಯಲ್ಲಿ ಜಗಳ. ಮರ್ಯಾದೆಯ ಪ್ರಶ್ನೆ. ನಾನೂ ಆ ರಾತ್ರಿ ಒಂದೇ ಸಲ ಬೇಡ ಅಂದು ಸುಮ್ಮನಾದೆ. ತಮ್ಮನ ಕೈ ಹಿಡಿದು ಎಳೆಯಬಹುದಿತ್ತು. ಎಲ್ಲರ ಎದುರು ಅವನಿಗೆ ಬೇಜಾರಾಗುತ್ತದೆ ಅಂತ ಎಳೆಯಲಿಲ್ಲ. ಹಾಗಾಗಿ ಆ ಹೊತ್ತಿಗೆ ಹೇಳುವುದು ಆಗುವ ಕೆಲಸ ಅಲ್ಲ. ಬೆಳಿಗ್ಗೆಯೇ, ಎಲ್ಲರೂ ಸ್ವಸ್ಥ ಇರುವಾಗಲೇ ತೀರ್ಮಾನ ಆಗಬೇಕು. ಅಡುಗೆಗೆ ಯಾರು ಅಂತ ಕೇಳುತ್ತೇವೆ, ಬಡಿಸಲಿಕ್ಕೆ ಯಾರು, ಕುರ್ಚಿ ಹಾಕಲಿಕ್ಕೆ ಯಾರು, ಗಾಡಿ ನಿಲ್ಲಿಸುವಲ್ಲಿ ಯಾರು ಅಂತ ಕೇಳುತ್ತೇವೆ. ಪಟಾಕಿಗೆ ಯಾರು ಅಂತ ಕೇಳುವುದೇ ಇಲ್ಲ, ಆ ಹೊತ್ತಿಗೆ ಯಾರಿಗೆ ಹುಮ್ಮಸ್ಸು ಜಾಸ್ತಿಯೋ ಅವರು ಹೋಗುತ್ತಾರೆ, ಹುಮ್ಮಸ್ಸು ಯಾಕೆ ಜಾಸ್ತಿ ಅಂತ ನಿಮಗೇ ಗೊತ್ತು. ಮೊದಲೇ ಒಬ್ಬರ ಹೆಸರು ಹೇಳಿದ್ದರೆ ಭಾವನಿಗೂ "ಅದು ಇವತ್ತು ಇವನ ಕೆಲಸ ಭಾವ, ನೀವು ಕುಳಿತು ನೋಡಿ" ಅಂತ ನಗುತ್ತಾ ಹೇಳಬಹುದು. ಯಾರಿಗೂ ಅವಮಾನ ಇಲ್ಲ.

ದೇವಸ್ಥಾನ, ಭಜನಾ ಮಂದಿರ, ಯುವಕ ಮಂಡಲದ ಸಮಿತಿಯವರಲ್ಲೂ ಇದೇ ವಿನಂತಿ. ಗರ್ನಾಲು (ದೊಡ್ಡ ಶಬ್ದದ ಪಟಾಕಿ) ಹಚ್ಚುವವರ ಹೆಸರು ಸಭೆಯಲ್ಲೇ ಬರೆದಿಡಿ. ಜಿಲ್ಲಾಡಳಿತ ಮತ್ತು ಪೊಲೀಸರಲ್ಲಿ ಕೇಳುವುದು, ಸುಡುಮದ್ದು ಪ್ರದರ್ಶನಕ್ಕೆ ಅನುಮತಿ ಕೊಡುವಾಗ ಹಚ್ಚುವವರ ಹೆಸರು ಕೇಳಿ, ಅವರು ಮದ್ಯ ಸೇವಿಸಿರಬಾರದು ಅಂತ ಒಂದು ಷರತ್ತು ಹಾಕಿ. ಹೆದ್ದಾರಿಗೆ ಒಯ್ಯುವ ಆಲ್ಕೋಮೀಟರನ್ನು ಆ ರಾತ್ರಿ ಮೈದಾನಕ್ಕೂ ತನ್ನಿ. ಐದು ನಿಮಿಷದ ಕೆಲಸ. ಪಟಾಕಿ ಮಳಿಗೆಯವರು ಅಮಲಿನಲ್ಲಿ ಬಂದವರಿಗೆ "ನಾಳೆ ಬನ್ನಿ" ಅನ್ನಲಿ. ಒಂದು ದಿನದ ವ್ಯಾಪಾರ ಹೋದರೆ ಹೋಗಲಿ.

ಆಗಬಾರದ್ದು ಆಗಿಯೇ ಬಿಟ್ಟರೆ ಇಷ್ಟು ನೆನಪಿಡಿ. ನಾವು ಇದರಲ್ಲೂ ತಪ್ಪು ಮಾಡಿದೆವು. ಕಣ್ಣಿಗೆ ಪೆಟ್ಟು ಬಿದ್ದು ರಕ್ತ ಬರುತ್ತಿದ್ದರೆ ಉಜ್ಜಬೇಡಿ, ಒತ್ತಬೇಡಿ, ಚುಚ್ಚಿಕೊಂಡದ್ದನ್ನು ಕೀಳಬೇಡಿ, ನೀರು ಎರಚಬೇಡಿ. ನಮ್ಮವರು ಚೊಂಬಿನಲ್ಲಿ ನೀರು ತಂದು ಎರಚಿದರು. ಒಂದು ಕಾಗದದ ಲೋಟವನ್ನು ಕಣ್ಣಿಗೆ ತಾಗದ ಹಾಗೆ ಮುಚ್ಚಿ ನೇರ ಆಸ್ಪತ್ರೆಗೆ ಹೊರಡಿ, ದಾರಿಯಲ್ಲಿ ಕುಡಿಯಲು ತಿನ್ನಲು ಏನೂ ಕೊಡಬೇಡಿ. ಮೈ ಕೈ ಸುಟ್ಟರೆ ಇಪ್ಪತ್ತು ನಿಮಿಷ ನಳ್ಳಿ ನೀರಿನ ಕೆಳಗೆ ಹಿಡಿಯಿರಿ, ಊದುವ ಮೊದಲೇ ಉಂಗುರ ಬಳೆ ತೆಗೆಯಿರಿ. ಟೂತ್‌ಪೇಸ್ಟ್, ಕಾಫಿಪುಡಿ, ಶಾಯಿ ಹಚ್ಚಬೇಡಿ. ಆಂಬ್ಯುಲೆನ್ಸಿಗೆ 108, ಬೆಂಕಿಗೆ 101. ವೈದ್ಯರು ಎಷ್ಟು ಕುಡಿದಿದ್ದಾನೆ ಅಂತ ಕೇಳಿದರೆ ನಾಚಿಕೆಯಿಂದ ಮುಚ್ಚಿಡಬೇಡಿ. ಅರಿವಳಿಕೆ ಕೊಡುವವರಿಗೆ ಅದು ಗೊತ್ತಿರಲೇಬೇಕು.

ಈ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಮತ್ತೆ ಮದುವೆ ಇದೆ, ಅಕ್ಕನ ದೊಡ್ಡ ಮಗಳದ್ದು. ಮದರಂಗಿಯೂ ಇದೆ, ಹತ್ತು ಗಂಟೆಯೊಳಗೆ ಸ್ವಲ್ಪ ಪಟಾಕಿಯೂ ಇದೆ. ಕೆಲಸ ಹಂಚುವ ಕಾಗದ ಮೊನ್ನೆ ಬರೆದೆವು. ಈ ಸಲ ಅದರಲ್ಲಿ ಪಟಾಕಿ ಅಂತ ಒಂದು ಸಾಲು ಸೇರಿಸಿ, ಕುಡಿಯದ ಇಬ್ಬರು ಹುಡುಗರ ಹೆಸರು ಹಾಕಿದೆವು. ತಮ್ಮ ಕಾಗದವನ್ನು ಎಡಗಣ್ಣಿನ ಹತ್ತಿರ ತಂದು ಓದಿದ. ಆಮೇಲೆ ಪೆನ್ನು ಕೇಳಿ ತೆಗೆದುಕೊಂಡು, ಅದರ ಕೆಳಗೆ "ನೀರು, ಹೊಯ್ಗೆ" ಅಂತ ಬರೆದು ತನ್ನ ಹೆಸರು ಹಾಕಿದ.

ಇಂತಿ,
ಒಬ್ಬ ಓದುಗ, ಕಟಪಾಡಿ